ಉದ್ದ ತೋಳಿನವರ ಕಂಪ್ಯೂಟರ್

ನನ್ನ ತಮ್ಮನಿಗೆ ಬೀದಿಯವರು ಇಟ್ಟ ಹೆಸರು ‘ಆಯ್ತು’. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಬೀಳುವ ಮಾತು ಅದು. ಸಂಜೆಯೊಳಗೆ ಬೇಕು ಅಂದರೆ ಆಯ್ತು. ರಿಪೇರಿ ಸರಿಯಾಗಿಲ್ಲ ಅಂತ ಜಗಳಕ್ಕೆ ಬಂದರೂ ಆಯ್ತು. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಒಬ್ಬಳು ಹುಡುಗಿ ತಾನಾಗಿಯೇ ಬಂದು, ಮದುವೆ ಆಗೋಣವಾ ಅಂತ ಕೇಳಿದಳು, ಆಯ್ತು ಅಂದ. ಆರು ತಿಂಗಳ ಮೇಲೆ ಅವಳೇ ಬೇಡ ಬಿಡು ಅಂದಳು. ಅದಕ್ಕೂ ಆಯ್ತು ಅಂದು ಮನೆಗೆ ಬಂದು ಊಟಕ್ಕೆ ಕೂತ. ಇವನ ಬೆನ್ನಲ್ಲಿ ಮೂಳೆಯ ಬದಲು ದಾರ ಇದೆ ಅಂತ ನಾನು ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ.

ನಮ್ಮಿಬ್ಬರದೂ ಒಂದೇ ಅಂಗಡಿ. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದದ ಕೋಣೆ, ಮಧ್ಯೆ ಒಂದು ಕಬ್ಬಿಣದ ಬೀರು. ಬೀರುವಿನ ಈಚೆ, ಕಿಟಕಿಯ ಬೆಳಕಿಗೆ, ನನ್ನ ಹೊಲಿಗೆ ಯಂತ್ರ. ಆಚೆ ಅವನ ಮೇಜು, ಮೇಜಿನ ತುಂಬ ಹೊಟ್ಟೆ ಬಿಚ್ಚಿಕೊಂಡ ಕಂಪ್ಯೂಟರುಗಳು, ಕೆಳಗೆ ಸತ್ತುಹೋದ ಹಾರ್ಡ್ ಡಿಸ್ಕುಗಳ ಒಂದು ರಟ್ಟಿನ ಪೆಟ್ಟಿಗೆ. ನಾನು ಹೊಲಿಯುವುದನ್ನು ನಿಲ್ಲಿಸಿದಾಗ ಮಾತ್ರ ಅವನ ಫ್ಯಾನುಗಳ ಸದ್ದು ಕೇಳುತ್ತದೆ.

ಕೆಲಸದಲ್ಲಿ ಅವನಿಗೆ ಮೂರು ಪದ್ಧತಿಗಳಿದ್ದವು. ಯಾವ ಯಂತ್ರ ಹಠ ಮಾಡಿದರೂ ಮೊದಲು ತನ್ನ ಸಾಮಾನನ್ನು ಅನುಮಾನಿಸುವುದು, ಆಮೇಲೆ ಗಿರಾಕಿಯದ್ದನ್ನು. ಎರಡನೆಯದು, ಏನನ್ನಾದರೂ ಅಳಿಸುವ ಮೊದಲು ಮೂರು ಸಲ ಕೇಳುವುದು. ಹಿಂದೊಮ್ಮೆ ಒಬ್ಬ ಮುದುಕರು ಎಲ್ಲಾ ಅಳಿಸು ಅಂದದ್ದಕ್ಕೆ ಆಯ್ತು ಅಂದು ಅಳಿಸಿಬಿಟ್ಟಿದ್ದ; ಮಾರನೆಯ ದಿನ ಅವರು ಬಂದು, ಹನ್ನೆರಡು ವರ್ಷ ಬರೆದದ್ದು ಅದರಲ್ಲಿತ್ತು ಅಂತ ಈ ಮೇಜಿನ ಮೇಲೆ ತಲೆಯಿಟ್ಟು ಅತ್ತರು. ಮೂರನೆಯದು, ಬಿಚ್ಚಿದ ಪ್ರತಿ ಯಂತ್ರದ ಪಕ್ಕದ ತಗಡಿನ ಒಳಮೈಯಲ್ಲಿ ಕಪ್ಪು ಮಾರ್ಕರಿನಿಂದ ತಾರೀಕು, ಮಾಡಿದ ಕೆಲಸ, ತಂದವರ ಗುರುತು ಬರೆದಿಡುವುದು. ಅವನಿಗೆ ಮುಖಗಳು ನೆನಪಿರುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲಾ ಪೆಟ್ಟಿಗೆಗಳೂ ಕಪ್ಪು. ಮುಚ್ಚಳ ತೆಗೆದರೆ ಮಾತ್ರ ‘ಓ, ಇದಾ’ ಅಂತಾನೆ.

ನನಗೂ ಅಂಥದ್ದೇ ಒಂದು ಚಟ. ಅಳತೆ ಪುಸ್ತಕದಲ್ಲಿ ನಾನು ಹೆಸರು ಬರೆಯುವುದಿಲ್ಲ. ‘ಇಳಿಜಾರು ಭುಜ’, ‘ದಪ್ಪ ಕತ್ತು’, ‘ಉಸಿರು ಬಿಗಿಹಿಡಿಯುವವರು’ ಅಂತ ಬರೆದುಕೊಳ್ಳುತ್ತೇನೆ. ಆ ಪುಸ್ತಕ ಗಿರಾಕಿಗಳ ಕೈಗೆ ಸಿಕ್ಕ ದಿನ ನನ್ನ ಅಂಗಡಿಗೆ ಬಾಗಿಲು ಹಾಕಬೇಕಾದೀತು.

ಅದರಲ್ಲಿ ಒಬ್ಬರು ‘ಉದ್ದ ತೋಳು’. ನಾಲ್ಕು ವರ್ಷದಿಂದ ಮೂರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ಹೆಂಗಸು. ಹೇಳಿದ ದಿನ ಹೇಳಿದ ಹೊತ್ತಿಗೆ ಬಂದು ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದರು. ಮೊದಲ ಸಲ ಮೊಣಕೈವರೆಗೆ ತೋಳು ಇಡಿಸಿದ್ದರು. ಎರಡನೇ ವರ್ಷ ಮಣಿಕಟ್ಟಿನವರೆಗೆ. ಆಮೇಲೆ ಹೆಬ್ಬೆರಳಿನ ಬುಡದ ತನಕ, ಸುಡು ಬಿಸಿಲಿನ ತಿಂಗಳಲ್ಲೂ. ಕತ್ತಿನ ಪಟ್ಟಿಯೂ ವರ್ಷ ವರ್ಷಕ್ಕೆ ಮೇಲೇರಿತು. ಟೇಪು ತೋಳಿಗೆ ತಾಗಿದರೆ ಅವರು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ನಾನು ನೋಡುತ್ತಿದ್ದೆ, ಬರೆದುಕೊಳ್ಳುತ್ತಿದ್ದೆ, ಏನೂ ಕೇಳುತ್ತಿರಲಿಲ್ಲ. ನನ್ನದು ಬಾಯಿ ಜೋರು ಅಂತ ಊರೆಲ್ಲ ಹೇಳುತ್ತದೆ. ಬೇಕಾದ ಕಡೆ ಆ ಬಾಯಿ ಎಲ್ಲಿ ಹೋಗಿತ್ತೋ.

ಆ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವರು ಬರಬೇಕಿತ್ತು. ಹಸಿರು ಬಟ್ಟೆಯಲ್ಲಿ ಸಣ್ಣ ಬಿಳಿ ಎಲೆಗಳ ಟಾಪು ಹೊಲಿದು, ಇಸ್ತ್ರಿ ಹಾಕಿ, ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕಿದ್ದೆ. ಹತ್ತೂಕಾಲು, ಹತ್ತೂವರೆ ಆಯಿತು. ಬರಲಿಲ್ಲ.

ಹನ್ನೊಂದಕ್ಕೆ ಒಬ್ಬ ಮನುಷ್ಯ ಕಂಪ್ಯೂಟರೊಂದನ್ನು ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದು ಬಂದ. ಆಗ ಅವನಿಗೆ ಬಹುವಚನ ಕೊಟ್ಟೇ ಮಾತಾಡಿದ್ದೆ, ಈಗ ಬರೆಯುವಾಗ ಕೊಡಲು ಮನಸ್ಸಿಲ್ಲ. ನಲವತ್ತರ ಆಸುಪಾಸು, ತೀಡಿದ ಕ್ರಾಪು, ಹೊಳೆಯುವ ಬೂಟು, ಗೆರೆ ಹೊಡೆದ ಪ್ಯಾಂಟು. ಸ್ಟೂಲನ್ನು ಕರವಸ್ತ್ರದಿಂದ ಒರೆಸಿ, ಆಮೇಲೆ ಕೂತ.

“ಇದರಲ್ಲಿರೋದೆಲ್ಲ ಅಳಿಸಿ ಹೊಸದಾಗಿ ಹಾಕಿಕೊಡಿ. ಇವತ್ತೇ ಆಗ್ಬೇಕು. ನಾನು ಇಲ್ಲೇ ಕೂತಿರ್ತೀನಿ,” ಅಂದ. ದನಿ ಮೆತ್ತಗಿತ್ತು.

“ಆಯ್ತು ಸಾರ್. ಒಳಗಿರೋದು ಏನೂ ಬೇಡ್ವಾ?”

“ಬೇಡ.”

“ಫೋಟೋ, ಕಾಗದ ಪತ್ರ?”

“ಬೇಡ ಅಂದೆನಲ್ಲ.”

“ಕಡೇ ಸಲ ಕೇಳ್ತೀನಿ ಸಾರ್, ಬೇಜಾರಾಗ್ಬೇಡಿ. ಒಂದ್ಸಲ ಹೋದ್ರೆ ವಾಪಸ್ ಬರಲ್ಲ.”

“ವಾಪಸ್ ಬರಬಾರದು ಅಂತಲೇ ಬಂದಿರೋದು,” ಅಂದು ಆ ಮನುಷ್ಯ ನಕ್ಕ. ತಮ್ಮನೂ ನಕ್ಕ. ನಾನು ಯಾಕೋ ನಗಲಿಲ್ಲ.

ತಮ್ಮ ಚೀಟಿ ಪುಸ್ತಕ ಮುಂದಿಟ್ಟ. ತಂದವರು ಅದರಲ್ಲಿ ತಮ್ಮ ವಿಳಾಸ ತಾವೇ ಬರೆಯಬೇಕು. ಅವನು ಮನೆ ನಂಬರು, ಬೀದಿ, ಫೋನು ಎಲ್ಲವನ್ನೂ ಮುದ್ದಾದ ಅಕ್ಷರದಲ್ಲಿ ಬರೆದ. ಅಚ್ಚುಕಟ್ಟಿನ ಜನಕ್ಕೆ ಸುಳ್ಳು ವಿಳಾಸ ಬರೆಯಲೂ ಮನಸ್ಸು ಬರುವುದಿಲ್ಲವೋ ಏನೋ.

ತಮ್ಮ ಕೆಲಸ ಶುರುಮಾಡಿದ. ಹೊಸದಾಗಿ ಹಾಕುವುದೆಂದರೆ ಅವನ ಬಳಿ ಒಂದು ಡಿಸ್ಕ್ ಇದೆ, ಸಿನಿಮಾ ಸಿ.ಡಿ.ಯಂಥ ಹೊಳೆಯುವ ಬಿಲ್ಲೆ; ಅದನ್ನು ಒಳಗಿಟ್ಟು ಯಂತ್ರ ಚಾಲು ಮಾಡಿದರೆ ಹಳೆಯದು ಏಳುವ ಮೊದಲು ಈ ಡಿಸ್ಕ್ ಎದ್ದು ಹಿಡಿತ ತೆಗೆದುಕೊಳ್ಳಬೇಕು. ಎದ್ದಿತೆಂದರೆ ಹಳೆಯದನ್ನು ಒರೆಸಿಹಾಕುವುದು ನಾಲ್ಕು ಗುಂಡಿಯ ಕೆಲಸ. ಆದರೆ ಡಿಸ್ಕ್ ಗಿರಗಿರ ತಿರುಗಿತು, ನಿಂತಿತು, ಪರದೆಯ ಮೇಲೆ ಹಳೆಯದೇ ಬಂದು ಕೂತಿತು.

“ನನ್ನ ಡಿಸ್ಕೇ ಹಾಳಾಗಿರ್ಬೇಕು ಸಾರ್,” ಅಂದ ತಮ್ಮ. ತೆಗೆದು, ಬೆಳಕಿಗೆ ಹಿಡಿದು, ಮೆತ್ತನೆ ಬಟ್ಟೆಯಲ್ಲಿ ಮಧ್ಯದಿಂದ ಅಂಚಿಗೆ ಒರೆಸಿದ. ಮತ್ತೆ ಹಾಕಿದ. ಮತ್ತೆ ಹಳೆಯದೇ. ಅದೇ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಹಾಕಿದ. ಅಲ್ಲಿ ತಕ್ಷಣ ಎದ್ದಿತು.

“ಹಾಗಾದ್ರೆ ಡಿಸ್ಕ್ ಸರಿಯಿದೆ,” ಅಂದ ಆ ಮನುಷ್ಯ.

“ಸರಿಯಿದೆ ಸಾರ್. ನಿಮ್ಮದರ ಡ್ರೈವು ಓದ್ತಿಲ್ವೇನೋ.” ತಮ್ಮ ಅದನ್ನೆಲ್ಲ ಒಂದು ಪೆನ್ ಡ್ರೈವಿಗೆ ತುಂಬಿ, ಮುಂದಿನ ತೂತಿಗೆ ಚುಚ್ಚಿ ನೋಡಿದ, ಹಿಂದಿನದಕ್ಕೆ ಚುಚ್ಚಿ ನೋಡಿದ. ಹಳೆಯದೇ. ಯಾವುದರಿಂದ ಏಳಬೇಕು ಅಂತ ಕೇಳುವ ಪಟ್ಟಿ ಬರಲಿ ಎಂದು ಚಾಲು ಮಾಡುವಾಗ ಕೀಲಿ ಒತ್ತಿ ಹಿಡಿದ. ಪಟ್ಟಿಯೇ ಬರಲಿಲ್ಲ.

ಇಷ್ಟಾಗುವಾಗ ಒಂದು ಗಂಟೆ ಕಳೆದಿತ್ತು. ಆ ಮನುಷ್ಯ ಕಾಲ ಮೇಲೆ ಕಾಲು ಹಾಕದೆ, ಫೋನು ತೆಗೆಯದೆ, ಪರದೆಯನ್ನೇ ನೋಡುತ್ತ ಕೂತಿದ್ದ. ನಾನು ಬೀರುವಿನ ಸಂದಿಯಿಂದ ಅವನ ಶರ್ಟು ನೋಡುತ್ತಿದ್ದೆ. ಪಾಪ, ನನ್ನ ಕಣ್ಣಿಗೆ ಬೇರೆ ಏನು ಗೊತ್ತು, ಬಟ್ಟೆ ತಾನೆ. ಅಷ್ಟು ಶಿಸ್ತಿನ ಮನುಷ್ಯನ ಶರ್ಟು ಮಾತ್ರ ನಿನ್ನೆಯದು. ಮೊಣಕೈ ಹತ್ತಿರ, ಬೆನ್ನಿನ ಮೇಲೆ, ಮಲಗೆದ್ದ ಸುಕ್ಕು. ಬಲತೋಳಿನ ಪಟ್ಟಿಯಲ್ಲಿ ಗುಂಡಿಯಿರಲಿಲ್ಲ. ದಾರ ಸವೆದು ಬಿದ್ದ ಗುಂಡಿ ಹಿಂದೆ ನಾಲ್ಕು ಎಳೆ ಬಿಟ್ಟು ಹೋಗುತ್ತದೆ. ಇಲ್ಲಿ ಎಳೆಗಳಿರಲಿಲ್ಲ, ಬಟ್ಟೆಯೇ ಹರಿದು ಬಂದಿತ್ತು. ಯಾರೋ ಹಿಡಿದು ಜಗ್ಗಿದ ಗುಂಡಿ ಅದು, ಬಿಡದೆ ಹಿಡಿದು ಜಗ್ಗಿದ್ದು.

“ಸೆಟಪ್ಪಿಗೇ ಹೋಗಿ ನೋಡ್ತೀನಿ ಸಾರ್,” ಅಂದ ತಮ್ಮ. ಯಂತ್ರದ ಮೂಲ ಏರ್ಪಾಡು ಇರುವ ಜಾಗ ಅದು. ಕೀಲಿ ಒತ್ತಿದ. ನೀಲಿ ಪರದೆಯ ಮೇಲೆ ಒಂದು ಖಾಲಿ ಚೌಕ ಬಂತು.

“ಪಾಸ್‌ವರ್ಡ್ ಕೇಳ್ತಿದೆ. ಅದಕ್ಕೇ ಡಿಸ್ಕ್ ಒಪ್ಕೊಳ್ತಿಲ್ಲ ಸಾರ್, ಯಾರೋ ಬೀಗ ಹಾಕಿಟ್ಟಿದ್ದಾರೆ. ನೀವೇನಾದ್ರೂ ಹಾಕಿದ್ರಾ?”

“ನಾನಲ್ಲ. ಅವಳು ಹಾಕಿರ್ಬೇಕು,” ಅಂದ.

“ಮನೆಯವರನ್ನ ಒಂದ್ಸಲ ಫೋನ್ ಮಾಡಿ ಕೇಳ್ತೀರಾ?”

“ಅವಳು ಫೋನ್ ತಗೊಳ್ಳೋ ಸ್ಥಿತೀಲಿ ಇಲ್ಲ,” ಅಂದ. ಕೂಡಲೇ, “ತವರಿಗೆ ಹೋಗಿದಾಳೆ. ದೂರ. ಸಿಗ್ನಲ್ ಇಲ್ಲ,” ಅಂತ ಸೇರಿಸಿದ.

ನನ್ನ ಕಾಲು ಯಂತ್ರದ ಪೆಡಲಿನ ಮೇಲೇ ನಿಂತುಹೋಯಿತು. ತಮ್ಮನಿಗೆ ಅದೇನೂ ಹೊಳೆದಂತಿರಲಿಲ್ಲ. ಅವನ ಮುಖದಲ್ಲಿ ಗಂಟು ಬಿಡಿಸುವವನ ಖುಷಿ. “ಯೋಚ್ನೆ ಬೇಡಿ ಸಾರ್, ದಾರಿ ಇದೆ. ಒಳಗೊಂದು ಸಣ್ಣ ಬ್ಯಾಟರಿ ಇರುತ್ತೆ, ಅದನ್ನ ತೆಗೆದು ಐದು ನಿಮಿಷ ಬಿಟ್ರೆ ಬೀಗ ಮರೆತುಹೋಗುತ್ತೆ. ಆಮೇಲೆ ಅರ್ಧ ಗಂಟೆ ಕೆಲಸ,” ಅಂದ. ನನ್ನ ದಡ್ಡ ತಮ್ಮ, ಅಷ್ಟು ಹುರುಪಿನಿಂದ ಅವನಿಗೆ ದಾರಿ ತೋರಿಸಿಕೊಡುತ್ತಿದ್ದ.

ಸ್ಕ್ರೂ ಬಿಚ್ಚಿ ಪಕ್ಕದ ತಗಡು ಎಳೆದ. ಆಮೇಲೆ ಅವನ ಕಡೆಯಿಂದ ಸದ್ದೇ ಇಲ್ಲ. ನಾನು ಕತ್ತು ಚಾಚಿದೆ. ತಗಡನ್ನು ಎದೆಗೆ ಒರಗಿಸಿಕೊಂಡು ಅದರ ಒಳಮೈ ನೋಡುತ್ತಿದ್ದ. ಅವನ ಕಿವಿ ಬೆಳ್ಳಗಾಗಿತ್ತು.

“ಅಕ್ಕ,” ಅಂದ, “ಆ ಉದ್ದ ತೋಳಿನವರ ಬಟ್ಟೆ ರೆಡಿ ಆಯ್ತಾ?”

ಅಂಗಡಿ ಇಟ್ಟ ಹದಿನಾರು ವರ್ಷದಲ್ಲಿ ಅವನು ನನ್ನ ಒಂದು ಬಟ್ಟೆಯ ಬಗ್ಗೆಯೂ ಕೇಳಿದವನಲ್ಲ. ಕೇಳುತ್ತ ಕೇಳುತ್ತ ತಗಡನ್ನು ಗೋಡೆಗೆ ಒರಗಿಸುವವನಂತೆ ನನ್ನ ಕಡೆ ತಿರುಗಿಸಿದ. ಅವನದೇ ಅಕ್ಷರ. ಎಂಟು ತಿಂಗಳ ಹಿಂದಿನ ತಾರೀಕು. ಕೆಳಗೆ: ‘ಅಕ್ಕನ ಉದ್ದ ತೋಳಿನವರು. ಸೆಟಪ್ಪಿಗೆ ಬೀಗ ಹಾಕಿದೆ. ಅವರೇ ಕೇಳಿದರೆ ಮಾತ್ರ.’

“ಆಯ್ತು. ಇನ್ನೂ ಬಂದಿಲ್ಲ,” ಅಂದೆ.

ಎಂಟು ತಿಂಗಳ ಹಿಂದಿನ ಮಧ್ಯಾಹ್ನ ನನಗೂ ನೆನಪಿತ್ತು. ಅಳತೆ ಕೊಟ್ಟ ಮೇಲೆ ಅವರು ಬೀರುವಿನ ಆಚೆ ಹೋಗಿದ್ದರು, ದುಪ್ಪಟಿಯಲ್ಲಿ ಸುತ್ತಿ ತಂದಿದ್ದ ಈ ಪೆಟ್ಟಿಗೆಯ ಜೊತೆ. ನಾನಿಲ್ಲದೆ ಇದನ್ನು ಯಾರೂ ಅಳಿಸಬಾರದು, ಹಾಗೆ ಮಾಡಿಕೊಡಿ ಅಂತ ಕೇಳಿದರು. ತಮ್ಮ ಅವರ ಕೈಯಿಂದಲೇ ಪಾಸ್‌ವರ್ಡ್ ಒತ್ತಿಸಿ ಬೀಗ ಹಾಕಿಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಒಳಗಿನ ಹಾರ್ಡ್ ಡಿಸ್ಕನ್ನೇ ಕಿತ್ತುಕೊಂಡು ಹೋದರೆ ಈ ಬೀಗ ಏನೂ ಮಾಡಲ್ಲ ಮೇಡಂ. “ಅಷ್ಟೆಲ್ಲ ನಮ್ಮ ಮನೆಯವರಿಗೆ ಗೊತ್ತಿಲ್ಲ,” ಅಂದರು ಅವರು. ಹೋಗುವಾಗ, “ನಾನಲ್ಲದೆ ಬೇರೆ ಯಾರಾದ್ರೂ ಇದನ್ನ ಇಲ್ಲಿಗೆ ತಂದ್ರೆ, ನನಗೆ ಬರೋಕೆ ಆಗ್ತಿಲ್ಲ ಅಂತ ತಿಳ್ಕೊಳ್ಳಿ,” ಅಂದರು. ಇವನು ಆಯ್ತು ಅಂದ. ಆ ಸಂಜೆ ಬಾಗಿಲು ಹಾಕುವಾಗ ನನಗೆ ಇದನ್ನೆಲ್ಲ ಹೇಳಿ, “ಏನೋ ಕಷ್ಟ ಇದ್ದಂಗಿದೆ ಅಕ್ಕ, ನೀನು ಹೆಂಗಸು, ಒಂದು ಮಾತು ಕೇಳು,” ಅಂದಿದ್ದ. “ಗಂಡ ಹೆಂಡ್ತಿ ವಿಷಯ, ನಮಗ್ಯಾಕೆ? ನಿನ್ನ ಕೆಲ್ಸ ನೀನು ನೋಡ್ಕೋ,” ಅಂದವಳು ನಾನು.

“ಏನಾಯ್ತು?” ಅಂದ ಆ ಮನುಷ್ಯ. ಸ್ಟೂಲಿನಿಂದ ಎದ್ದಿದ್ದ.

“ಏನಿಲ್ಲ ಸಾರ್. ಬ್ಯಾಟರಿ ಸ್ವಲ್ಪ ಬಿಗಿಯಾಗಿದೆ.” ಬ್ಯಾಟರಿ ಕಣ್ಣೆದುರೇ ಇತ್ತು, ನಾಣ್ಯದಷ್ಟು ದೊಡ್ಡದು, ಉಗುರು ತಾಗಿಸಿದರೆ ಎದ್ದು ಬರುವಂಥದ್ದು. ತಮ್ಮ ಅದರ ಸುತ್ತ ಸ್ಕ್ರೂಡ್ರೈವರ್ ಆಡಿಸಿದ, ತಂತಿ ಅಲ್ಲಾಡಿಸಿದ, ಧೂಳು ಊದಿದ. ಒಂದು ತಂತಿ ಕಿತ್ತು ಇನ್ನೊಂದಕ್ಕೆ ಹಾಕಿದ. ಡಿಸ್ಕ್ ಈಗ ತಿರುಗುವುದನ್ನೂ ನಿಲ್ಲಿಸಿತು. “ಅಯ್ಯೋ, ಡ್ರೈವೂ ಹೋಯ್ತೇನೋ ಸಾರ್,” ಅಂದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಸುಳ್ಳು. ಹಣೆಯ ಬೆವರು ಮದರ್‌ಬೋರ್ಡಿನ ಮೇಲೆ ಬೀಳುತ್ತದೆಂದು ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದ.

ಆ ಮನುಷ್ಯ ಮೇಜಿನ ಹತ್ತಿರ ಬಂದು, ಬಗ್ಗಿ, ಒಳಗೆ ನೋಡಿದ. ಮೆತ್ತಗೆ ಕೇಳಿದ: “ಬೀಗ, ಡಿಸ್ಕು ಎಲ್ಲಾ ಬಿಡಿ. ಒಳಗಿರೋದು ಅಂತೀರಲ್ಲ, ಅದು ಯಾವ ವಸ್ತುವಿನಲ್ಲಿ ಇರುತ್ತೆ?”

ತಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟ. “ಹಾರ್ಡ್ ಡಿಸ್ಕಿನಲ್ಲಿ ಸಾರ್.”

“ಅದನ್ನ ಬಿಚ್ಚಿ ಕೈಗೆ ಕೊಡಿ. ನಾನೇ ಒಡೆದು ಹಾಕ್ತೀನಿ.”

“ಆಯ್ತು ಸಾರ್,” ಅಂದ ತಮ್ಮ.

ಆ ‘ಆಯ್ತು’ ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಕೊಟ್ಟೇಬಿಡುತ್ತಾನೆ ಅನಿಸಿತು. ಇಷ್ಟು ವರ್ಷ ಎಲ್ಲರಿಗೂ ಕೊಟ್ಟವನು ಇವನಿಗೆ ಇಲ್ಲ ಅನ್ನುತ್ತಾನೆಯೇ? ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನ ಕಣ್ಣು ಆ ಪೆಟ್ಟಿಗೆಯಿಂದ ಒಂದು ನಿಮಿಷ ಆಚೆ ತಿರುಗಿದರೆ ಸಾಕು ಅನ್ನುವುದೊಂದೇ ತಲೆಯಲ್ಲಿತ್ತು. ಸೂಜಿಗೆ ಬಿಳಿ ದಾರ ಪೋಣಿಸಿಕೊಂಡು ಬೀರುವಿನ ಆಚೆ ಹೋದೆ.

“ಸಾರ್, ನಿಮ್ಮ ತೋಳಿನ ಗುಂಡಿ ಕಿತ್ತಿದೆ ನೋಡಿ. ಅವನು ಬಿಚ್ಚೋದ್ರೊಳಗೆ ಹಾಕಿಕೊಡ್ತೀನಿ, ಬೆಳಕಿಗೆ ಬನ್ನಿ.”

ಅವನು ತೋಳು ನೋಡಿಕೊಂಡ. ಅಲ್ಲಿಯವರೆಗೆ ಅವನಿಗೆ ಗೊತ್ತೇ ಇರಲಿಲ್ಲ. ಮುಖದಲ್ಲಿ ಏನೋ ಒಂದು ಓಡಿ ಹೋಯಿತು. “ಹೌದು, ಹಾಕ್ಬಿಡಿ. ಒಳ್ಳೇದಾಯ್ತು,” ಅಂದು ಕಿಟಕಿಯ ಹತ್ತಿರ ಬಂದು ನಿಂತ.

ಶರ್ಟು ಬಿಚ್ಚಿಸಲಿಲ್ಲ, ಮೈಮೇಲೇ ಹಾಕಿದೆ. ಅವನ ಬೆನ್ನು ತಮ್ಮನ ಕಡೆ, ಮಣಿಕಟ್ಟು ನನ್ನ ಕೈಯಲ್ಲಿ. ಪಟ್ಟಿಯ ಕೆಳಗೆ ಮೂರು ಉಗುರಿನ ಗೀರು, ಹೊಸವು. ಅವನ ಉಳಿದ ಗುಂಡಿಗಳು ಎರಡು ತೂತಿನವು. ನನ್ನ ಡಬ್ಬಿಯಲ್ಲಿ ನಾಲ್ಕು ತೂತಿನದು ಮಾತ್ರ ಸಿಕ್ಕಿತು. ಹರಿದ ಕಡೆ ಒಂದು ತುಂಡು ಬಟ್ಟೆ ಕೊಟ್ಟು, ಅಡ್ಡ ಉದ್ದ ಹೊಲಿಗೆ ಹಾಕಿದೆ. ಬೇಕೆಂದೇ ದಾರ ತುಂಡು ಮಾಡಿ ಮತ್ತೆ ಪೋಣಿಸಿದೆ. ಆಚೆ ಸ್ಕ್ರೂ ಬೀಳುವ ಸದ್ದು, ರಟ್ಟಿನ ಪೆಟ್ಟಿಗೆ ಸರಿದ ಸದ್ದು. ಅವನು ತಿರುಗಲು ನೋಡಿದ. “ಅಲ್ಲಾಡ್ಬೇಡಿ, ಸೂಜಿ ಚುಚ್ಚುತ್ತೆ,” ಅಂದೆ. ನಾನು ಅಷ್ಟು ಹೆದರಿದ್ದು ಬದುಕಿನಲ್ಲಿ ಬೇರೆ ಯಾವತ್ತೂ ಇಲ್ಲ. ಹೆದರಿದಷ್ಟೂ ಗುಂಡಿ ಗಟ್ಟಿಯಾಗಿ ಕೂತಿತು.

“ಬಂತು ಸಾರ್,” ಅಂದ ತಮ್ಮ.

ಅವನ ಅಂಗೈ ಮೇಲೆ ಒಂದು ಹಾರ್ಡ್ ಡಿಸ್ಕ್ ಇತ್ತು. ಆ ಮನುಷ್ಯ ಅದನ್ನು ತೆಗೆದುಕೊಂಡು, ತಮ್ಮನದೇ ಸುತ್ತಿಗೆ ಕೇಳಿ ಪಡೆದು, ಹೊಸ್ತಿಲ ಕಲ್ಲಿನ ಮೇಲಿಟ್ಟು ಕುಕ್ಕರುಗಾಲಲ್ಲಿ ಕೂತ. ಮೂರೇ ಏಟು. ಪ್ರತಿ ಏಟಿನ ನಡುವೆ ಎಲ್ಲಿ ಹೊಡೆಯಬೇಕೆಂದು ನೋಡಿಕೊಳ್ಳುತ್ತಿದ್ದ. ತುಂಡುಗಳನ್ನೆಲ್ಲ ಕರವಸ್ತ್ರದಲ್ಲಿ ಆರಿಸಿ ಕಟ್ಟಿಕೊಂಡ. ಸುತ್ತಿಗೆಯನ್ನು ಒರೆಸಿ ಕೊಟ್ಟ.

“ಪೆಟ್ಟಿಗೆ ನೀವೇ ಇಟ್ಕೊಳ್ಳಿ,” ಅಂದು ಮೆಟ್ಟಿಲಿಳಿಯಲು ಹೋದವನು ನಿಂತ. ಮೊಳೆಯ ಮೇಲಿದ್ದ ಹಸಿರು ಟಾಪು ನೋಡುತ್ತಿದ್ದ. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದ.

“ಇದು ಅವಳ ಬಟ್ಟೆ. ಇಲ್ಲೇ ಹೊಲಿಸ್ತಿದ್ಲಾ?”

“ತುಂಬಾ ಜನ ಕೊಡ್ತಾರೆ ಸಾರ್. ಇಂಥ ಬಟ್ಟೆ ಎಲ್ಲಾ ಕಡೆ ಸಿಗುತ್ತೆ,” ಅಂದೆ.

ಅವನು ನನ್ನನ್ನು ನೋಡಿದ, ತಮ್ಮನನ್ನು ನೋಡಿದ, ಬಹಳ ಹೊತ್ತು. “ಯಾರಿಗಾದ್ರೂ ಕೊಟ್ಬಿಡಿ ಮೇಡಂ. ಅವಳಿಗೆ ಇನ್ನು ಬೇಕಾಗಲ್ಲ,” ಅಂದು ಹೊರಟುಹೋದ.

ಅವನು ತಿರುವಿನಲ್ಲಿ ಮರೆಯಾಗುವವರೆಗೆ ನಾವಿಬ್ಬರೂ ಹೊಸ್ತಿಲಲ್ಲಿ ನಿಂತು ನೋಡಿದೆವು. ಆಮೇಲೆ ತಮ್ಮ ರಟ್ಟಿನ ಪೆಟ್ಟಿಗೆಗೆ ಕೈ ಹಾಕಿ, ಸತ್ತ ಡಿಸ್ಕುಗಳ ಕೆಳಗಿನಿಂದ ಒಂದನ್ನು ತೆಗೆದ. “ಇದು ಅವರದ್ದು. ಅವನು ಒಡೆದಿದ್ದು ಹೋದ ವರ್ಷ ಸತ್ತಿದ್ದು,” ಅಂದ. ತನ್ನ ಕಂಪ್ಯೂಟರಿಗೆ ಜೋಡಿಸಿದ. ಒಂದು ಕಡೆ ತಾರೀಕು ಹಾಕಿದ ಫೋಟೋಗಳು: ತೋಳು, ಭುಜ, ಕತ್ತು. ನಾನು ಎರಡು ನೋಡಿ ಮುಖ ತಿರುಗಿಸಿದೆ. ಆ ತೋಳುಗಳ ಅಳತೆ ನನಗೆ ಬಾಯಿಪಾಠ. ಕೊನೆಯ ಫೋಟೋದ ತಾರೀಕು ಭಾನುವಾರದ್ದು.

“ಠಾಣೆಗೆ ಹೋಗೋಣ ಏಳು,” ಅಂದ ತಮ್ಮ.

ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆಗ ಹಿಂದೆ ಸರಿದವಳು ನಾನು. “ನಿಲ್ಲೋ. ನಾಳೆ ನೋಡೋಣ. ನಿಜವಾಗ್ಲೂ ತವರಿಗೆ ಹೋಗಿರಬಹುದು. ಅವನು ನಮ್ಮ ಮುಖ ನೋಡ್ಕೊಂಡು ಹೋಗಿದಾನೆ, ನಾವು ಇದೇ ಬೀದೀಲಿ ಬದುಕ್ಬೇಕು. ಅದನ್ನ ಎಲ್ಲಾದ್ರೂ ಎಸೆದುಬಿಡು,” ಅಂದೆ.

“ಇಲ್ಲ,” ಅಂದ ನನ್ನ ತಮ್ಮ.

ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಆ ಮಾತು ಬರಲಿ ಅಂತ ಬೈದುಕೊಂಡು ಬಂದವಳು ನಾನು. ಬಂತು, ನನ್ನ ಮೇಲೇ ಬಂತು. ಅವನು ಚೀಟಿ ಪುಸ್ತಕವನ್ನೂ ಡಿಸ್ಕನ್ನೂ ಊಟದ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದ. ನಾನು ಅಳತೆ ಪುಸ್ತಕ ಎತ್ತಿಕೊಂಡು ಹಿಂದೆ ಓಡಿದೆ.

ಠಾಣೆಯಲ್ಲಿ ಮೇಜಿನ ಹಿಂದಿದ್ದವರು ನನ್ನ ವಯಸ್ಸಿನ ಒಬ್ಬ ಅಧಿಕಾರಿ, ಹೆಂಗಸು. ತಮ್ಮ ಹೇಳಿದ್ದೆಲ್ಲ ಕೇಳಿ, ವಿಳಾಸದ ಚೀಟಿ ನೋಡಿ, ಆಗಲೇ ಇಬ್ಬರನ್ನು ಜೀಪಿನಲ್ಲಿ ಕಳಿಸಿದರು. ಆಮೇಲೆ ಪೆನ್ನು ಹಿಡಿದು ನನ್ನ ಕಡೆ ತಿರುಗಿದರು.

“ಆ ಹೆಂಗಸಿನ ಹೆಸರು?”

ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಆ ಮೈಗೆ ಟೇಪು ಸುತ್ತಿದ್ದೆ. “ಭುಜ ಹದಿಮೂರೂವರೆ. ಎದೆ ಮೂವತ್ತೆರಡು, ಮೊದಲು ಮೂವತ್ತಾರಿತ್ತು,” ಅಂದೆ. ಅವರು ಪುಸ್ತಕ ಇಸಿದುಕೊಂಡು ಹಾಳೆ ತಿರುವಿದರು. ಬೆರಳು ಒಂದು ಕಡೆ ನಿಂತಿತು.

“ತೋಳು ಪ್ರತಿ ಸಲ ಯಾಕೆ ಉದ್ದ ಆಗಿದೆ?”

“ಅವರೇ ಹಾಗೆ ಕೇಳ್ತಿದ್ರು.”

“ಯಾಕೆ ಅಂತ ನೀವು ಕೇಳ್ಲಿಲ್ವಾ?”

“ಕೇಳ್ಲಿಲ್ಲ,” ಅಂದೆ. ಅವರು ಒತ್ತಾಯ ಮಾಡಲಿಲ್ಲ. ಆ ಮನುಷ್ಯನಲ್ಲಿ ಏನಾದರೂ ವಿಚಿತ್ರ ಕಂಡಿತಾ ಅಂದರು. ಬಲತೋಳಿನ ಗುಂಡಿ ಕಿತ್ತಿತ್ತು, ಯಾರೋ ಹಿಡಿದು ಎಳೆದದ್ದು ಅಂದೆ. ಅವರ ಪೆನ್ನು ಚುರುಕಾಯಿತು. “ಈಗಲೂ ಹಾಗೇ ಇದೆಯಾ?”

“ಇಲ್ಲ. ನಾನೇ ಹಾಕಿಕೊಟ್ಟೆ,” ಅಂದೆ.

ಆ ಮಾತು ಬಾಯಿಂದ ಹೊರಗೆ ಬಂದ ಮೇಲೇ ಅದರ ಅರ್ಥ ನನಗಾಯಿತು. ಅಲ್ಲೇ ಕೂತು ಅತ್ತೆ. ತಮ್ಮ ನೀರು ತಂದುಕೊಟ್ಟ.

ಮನೆಯ ಹಿಂದಿನ ಸಾಮಾನು ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತಂತೆ. ಅವರು ಒಳಗಿದ್ದರು, ಉಸಿರಿತ್ತು. ಇನ್ನೊಂದು ರಾತ್ರಿ ಕಳೆದಿದ್ದರೆ ಇರುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರಂತೆ. ಆಸ್ಪತ್ರೆಯಲ್ಲಿ ಮುಷ್ಟಿ ಬಿಡಿಸಿದಾಗ ಒಳಗೆ ಎರಡು ತೂತಿನ ಬಿಳಿ ಗುಂಡಿ ಸಿಕ್ಕಿತು, ಹರಿದ ಚೂರು ಬಟ್ಟೆಯ ಸಮೇತ. ಅವನು ನಮ್ಮ ತಿರುವಿನಿಂದ ಮೂರನೇ ಬೀದಿಯಲ್ಲಿ ಸಿಕ್ಕ, ಅದೇ ಶರ್ಟಿನಲ್ಲಿ. ಕೋರ್ಟಿನಲ್ಲಿ ಆ ಶರ್ಟು ತೋರಿಸಿ ಈ ಹೊಲಿಗೆ ಯಾರದ್ದು ಅಂತ ಕೇಳಿದರು. ನನ್ನದು ಅಂದೆ. ಅವನು ಕಟಕಟೆಯಿಂದಲೇ ನನ್ನನ್ನು ನೋಡುತ್ತಿದ್ದ, ಅವತ್ತು ಟಾಪು ಹಿಡಿದುಕೊಂಡು ನೋಡಿದ ಹಾಗೆಯೇ. ಈಗಲೂ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ನನ್ನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತದೆ.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರು ಬಂದರು. ಹತ್ತು ಗಂಟೆಗೆ ಸರಿಯಾಗಿ. ಹಸಿರು ಟಾಪು ಅದೇ ಮೊಳೆಯ ಮೇಲಿತ್ತು. ಅವರು ಮೊದಲು ಬೀರುವಿನ ಆಚೆ ಹೋದರು.

“ನನ್ನ ಪೆಟ್ಟಿಗೆ ಇದೆಯಾ?”

ತಮ್ಮ ಮೇಜಿನ ಕೆಳಗಿನಿಂದ ಎತ್ತಿ ಇಟ್ಟ. ಹಳೆಯ ಹಾರ್ಡ್ ಡಿಸ್ಕ್ ಕೋರ್ಟಿನಲ್ಲಿತ್ತು. ಬೇರೆ ಹೊಸದನ್ನು ಅವನು ಯಾವತ್ತೋ ಕೂಡಿಸಿಟ್ಟಿದ್ದ, ಬೀಗವನ್ನು ಮಾತ್ರ ಮುಟ್ಟಿರಲಿಲ್ಲ. ಬ್ಯಾಟರಿ ತೆಗೆದರೆ ಐದು ನಿಮಿಷದ ಕೆಲಸ ಅಂತ ಗೊತ್ತಿದ್ದವನು.

“ಬೀಗ ತೆಗೀರಿ. ಹೊಸದಾಗಿ ಹಾಕಿಕೊಡಿ,” ಅಂದರು ಅವರು.

“ಆಯ್ತು ಮೇಡಂ,” ಅಂದ. ಆ ಒಂದು ‘ಆಯ್ತು’ಗೆ ನಾನು ಬೈಯಲಿಲ್ಲ. ಅವರೇ ಬಗ್ಗಿ ಪಾಸ್‌ವರ್ಡ್ ಒತ್ತಿದರು, ಎಡಗೈಯಲ್ಲಿ. ತಮ್ಮ ಅವತ್ತು ಏಳದೇ ಹೋಗಿದ್ದ ತನ್ನ ಅದೇ ಡಿಸ್ಕನ್ನು ಒರೆಸಿ ಒಳಗಿಟ್ಟ. ಗಿರಗಿರ ತಿರುಗಿತು, ಈ ಸಲ ಎದ್ದಿತು.

ಅದು ನಡೆಯುವಷ್ಟು ಹೊತ್ತು ಅವರು ಈಚೆ ಬಂದು ಟಾಪು ಹಾಕಿಕೊಂಡು ನೋಡಿದರು. ಎಡತೋಳು ಸರಿಯಿತ್ತು. ಬಲತೋಳು ಬೆರಳುಗಳನ್ನೂ ಮುಚ್ಚಿತು, ಯಾಕೆಂದರೆ ಮುರಿದು ಕೂಡಿಕೊಂಡ ಆ ಕೈ ಈಗ ಎಡಗೈಗಿಂತ ಗಿಡ್ಡ. ಟೇಪು ತೆಗೆದುಕೊಂಡೆ. ಎಡಗೈ ಅಳೆದು ಬರೆದೆ, ಬಲಗೈ ಅಳೆದು ಬೇರೆ ಬರೆದೆ. ಪುಸ್ತಕ ಮುಚ್ಚಿ, ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತೆ.

“ಮೊದಲನೇ ಸಲ ಏನಾಯ್ತು ಅಂತ ಹೇಳಿ,” ಅಂದೆ. “ನಾನು ಕೇಳ್ಬೇಕಿತ್ತು. ಈಗ ಕೇಳ್ತಿದ್ದೀನಿ.”

ಅವರು ಹೇಳಲು ಶುರುಮಾಡಿದರು. ಆ ದಿನ ನಾನು ಒಂದು ಬಟ್ಟೆಯನ್ನೂ ಹೊಲಿಯಲಿಲ್ಲ.